ಸೋಲಿಗೆ ಒಬ್ಬನೇ ಕಾರಣನೇ?

ಮಣ್ಣಗುಡ್ಡದಲ್ಲಿ ಫುಟ್‌ಬಾಲ್ ಪ್ರಿಯರಿಗೆ ಕೊರತೆಯಿಲ್ಲ. ಸಂಜೆಯ ಹೊತ್ತು ಮಂಗಳಾ ಕ್ರೀಡಾಂಗಣದ ಕಡೆಗೆ ಹೊರಟ ಕಾಲೇಜು ಹುಡುಗರ ಅಂಗಿಗಳನ್ನು ನೋಡಿದರೆ ಸಾಕು, ಯಾರು ಬೆಂಗಳೂರು ಎಫ್‌ಸಿಯವರು, ಯಾರು ಕೇರಳ ಬ್ಲಾಸ್ಟರ್ಸ್‌ನವರು ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ಮೆಚ್ಚಿದ ತಂಡ ನಾಲ್ಕಾರು ಪಂದ್ಯಗಳನ್ನು ಸತತವಾಗಿ ಸೋತಿತೆಂದರೆ ನೀಲಿಯವರಲ್ಲಿಯೂ ಹಳದಿಯವರಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಮುಖ್ಯ ಕೋಚನ್ನು ಬದಲಿಸಬೇಡವೇ? ಧರ್ಮಚಿಂತನೆಗೆ ಮೀಸಲಾದ ಅಂಕಣದಲ್ಲಿ ಈ ಪ್ರಶ್ನೆಗೇನು ಕೆಲಸ ಎಂದು ಹಿರಿಯ ಓದುಗರು ಹುಬ್ಬೇರಿಸಬಹುದು. ಆದರೆ ಗೃಹಸ್ಥನ ಮನಸ್ಸು ಜಯಾಪಜಯಗಳನ್ನು ಹೇಗೆ ಎದುರಿಸಬೇಕೆಂಬುದನ್ನು ಜೈನಾಚಾರ್ಯರು ಬಹಳ ಹಿಂದೆಯೇ ವಿಚಾರಮಾಡಿದ್ದಾರೆ. ಆ ವಿಚಾರ ಇಂದಿನ ಹುಡುಗನ ಪ್ರಶ್ನೆಗೆ ಎಷ್ಟು ಹತ್ತಿರದ್ದೆಂಬುದು ಮುಂದೆ ತಿಳಿಯುವುದು.

ಮೊದಲು ನಡೆದ ಸಂಗತಿಯನ್ನು ನೋಡೋಣ. 2022ರ ಜೂನ್‌ನಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಅವರು ಬೆಂಗಳೂರು ಎಫ್‌ಸಿಯ ಮುಖ್ಯ ಕೋಚ್ ಆದರು. ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿ ತಂಡವನ್ನು 2–1ರಿಂದ ಸೋಲಿಸಿ ತಂಡವು ಡ್ಯುರಾಂಡ್ ಕಪ್ ಗೆದ್ದಿತು. ಅಭಿಮಾನಿಗಳ ಬಾಯಲ್ಲಿ ಗ್ರೇಸನ್ ಅವರ ಹೊಗಳಿಕೆಯೇ ಹೊಗಳಿಕೆ. ಅಕ್ಟೋಬರ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಯಿತು. ವರ್ಷಾಂತ್ಯದ ಹೊತ್ತಿಗೆ ತಂಡವು 12 ಪಂದ್ಯಗಳನ್ನು ಆಡಿ, 3ರಲ್ಲಿ ಗೆದ್ದು, ಒಂದನ್ನು ಸಮಮಾಡಿಕೊಂಡು, 8ರಲ್ಲಿ ಸೋತಿತ್ತು. ಮೂರು ತಿಂಗಳ ಹಿಂದೆ ಹೊಗಳಿದ ಬಾಯಿಗಳೇ ಆಗ ಬೇರೆ ಮಾತನಾಡಿದವು. ಕೋಚನ್ನು ಕಳುಹಿಸಿಬಿಡಿ ಎಂಬ ಕೂಗು ಎದ್ದಿತು. ಆಡಳಿತ ಮಂಡಳಿ ಕಳುಹಿಸಲಿಲ್ಲ. 2023ರ ಜನವರಿ 6ರಿಂದ ಆರಂಭಿಸಿ ಉಳಿದ ಎಂಟು ಲೀಗ್ ಪಂದ್ಯಗಳನ್ನೂ ತಂಡ ಗೆದ್ದಿತು. ನಾಲ್ಕನೆಯ ಸ್ಥಾನ ದೊರೆಯಿತು. ಕಂಠೀರವ ಕ್ರೀಡಾಂಗಣದಲ್ಲಿ ಬ್ಲಾಸ್ಟರ್ಸ್ ತಂಡವನ್ನೂ, ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್ ಮೂಲಕ ಮುಂಬೈಯನ್ನೂ ದಾಟಿ, ಮಾರ್ಚ್ 18ರಂದು ಗೋವೆಯ ಫತೋರ್ಡಾದಲ್ಲಿ ಫೈನಲ್ ಆಡಿತು. ಎಟಿಕೆ ಮೋಹನ್ ಬಾಗಾನ್ ಎದುರು ಆಟ 2–2ರಲ್ಲಿ ನಿಂತು, ಶೂಟೌಟ್‌ನಲ್ಲಿ 4–3ರಿಂದ ಸೋತಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ತಾಳ್ಮೆಯ ಮಹಿಮೆಯನ್ನು ಬೋಧಿಸಿ ಅಂಕಣವನ್ನು ಮುಗಿಸಬಹುದಿತ್ತು. ಆದರೆ ಅದು ಮುಂದುವರಿಯಿತು. ಅದೇ ಕೋಚ್, ಅದೇ ಸಂಸ್ಥೆ, ಅದೇ ಡಿಸೆಂಬರ್ ತಿಂಗಳು. 2023ರ ಡಿಸೆಂಬರ್ 8ರಂದು ಕಂಠೀರವದಲ್ಲಿಯೇ ಮುಂಬೈ ಸಿಟಿ ತಂಡವು ನಾಲ್ಕು ಗೋಲು ಹೊಡೆದು ಗೆದ್ದಿತು. ಬೆಂಗಳೂರು ಒಂದನ್ನೂ ಹೊಡೆಯಲಿಲ್ಲ. ಆ ಋತುವಿನ ಒಂಬತ್ತು ಪಂದ್ಯಗಳಲ್ಲಿ ದೊರೆತಿದ್ದ ಗೆಲುವು ಒಂದೇ. ಮರುದಿನವೇ ಗ್ರೇಸನ್ ಅವರನ್ನು ಬೀಳ್ಕೊಡಲಾಯಿತು. ಅವರ ಜಾಗಕ್ಕೆ ಸ್ಪೇನಿನ ಜೆರಾರ್ಡ್ ಸಾರಗೋಸಾ ಬಂದರು. ಹೀಗೆ ಬದಲಿಸಿದ ಮೇಲೂ ತಂಡ ಆ ವರ್ಷ 10ನೆಯ ಸ್ಥಾನದಲ್ಲಿ ಉಳಿಯಿತು. ಅದರ ಮರುವರ್ಷ ಅದೇ ಸಾರಗೋಸಾ ಅವರ ಕೈಕೆಳಗೆ ಫೈನಲ್ ತಲುಪಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋತಿತು.

ಈಗ ಉಳಿಸಿದ್ದು ಸರಿಯೋ, ಕಳುಹಿಸಿದ್ದು ಸರಿಯೋ? 2022ನ್ನು ಹಿಡಿದವನು ಉಳಿಸಬೇಕೆನ್ನುತ್ತಾನೆ; ಅವನ ಬಳಿ ಎಂಟು ಗೆಲುವುಗಳಿವೆ. 2025ನ್ನು ಹಿಡಿದವನು ಬದಲಿಸಿದ್ದರಿಂದಲೇ ಫೈನಲ್ ಬಂದಿತೆನ್ನುತ್ತಾನೆ. 2024ರ ಹತ್ತನೆಯ ಸ್ಥಾನವನ್ನು ಹಿಡಿದವನಿಗೆ ಬದಲಾವಣೆ ವ್ಯರ್ಥವೆಂದು ತೋರುತ್ತದೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರೂ ಒಂದೊಂದು ನಯವನ್ನು ಹಿಡಿದಿದ್ದಾರೆ. ವಸ್ತುವಿನ ಒಂದು ಅಂಶವನ್ನು ಮುಖ್ಯವಾಗಿಟ್ಟುಕೊಂಡು ನೋಡುವುದು ನಯ. ಉಳಿದ ಅಂಶಗಳಿಲ್ಲವೆಂದು ಹಟ ಹಿಡಿದಾಗ ಅದೇ ದುರ್ನಯವಾಗುತ್ತದೆ. ಅನೇಕಾಂತವೆಂದರೆ ಯಾವ ನಿರ್ಧಾರಕ್ಕೂ ಬಾರದೆ ಗೋಡೆಯ ಮೇಲೆ ಕುಳಿತುಕೊಳ್ಳುವ ಉಪಾಯವೆಂದು ಕೆಲವರು ತಿಳಿದಿದ್ದಾರೆ. ಅದು ಶುದ್ಧ ತಪ್ಪು. ಯಾವ ಅಪೇಕ್ಷೆಯಿಂದ ಈ ಮಾತು ನಿಜ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕೆನ್ನುವ ಶಿಸ್ತು ಅದು; ನಿರ್ಧಾರವನ್ನು ಅದು ತಡೆಯುವುದಿಲ್ಲ.

ಆಚಾರ್ಯ ಸಿದ್ಧಸೇನರ ‘ಸನ್ಮತಿತರ್ಕ’ದಲ್ಲಿ ಕಾರ್ಯಕಾರಣದ ಬಗ್ಗೆ ಒಂದು ಪ್ರಸಿದ್ಧ ವಿಚಾರವಿದೆ. ಕಾಲ, ಸ್ವಭಾವ, ನಿಯತಿ, ಪೂರ್ವಕೃತ ಕರ್ಮ, ಪುರುಷಪ್ರಯತ್ನ ಎಂಬ ಐದರಲ್ಲಿ ಯಾವುದೇ ಒಂದನ್ನು ಏಕಮಾತ್ರ ಕಾರಣವೆಂದು ಹಿಡಿದರೆ ಅದು ಮಿಥ್ಯಾತ್ವ, ಐದನ್ನೂ ಕೂಡಿಸಿ ನೋಡಿದರೆ ಸಮ್ಯಕ್ತ್ವ ಎಂಬುದು ಅದರ ತಾತ್ಪರ್ಯ. ಇದನ್ನು ಪಂಚ ಸಮವಾಯವೆಂದು ಕರೆಯುವುದು ವಾಡಿಕೆ. ಫುಟ್‌ಬಾಲ್ ತಂಡವೊಂದಕ್ಕೆ ಇದನ್ನು ಹಚ್ಚಿ ನೋಡಿದರೆ ಸೋಲಿನ ಚಿತ್ರವೇ ಬದಲಾಗುತ್ತದೆ.

ಕಾಲವೆಂದರೆ ಪಂದ್ಯಗಳ ವೇಳಾಪಟ್ಟಿ, ಆಟಗಾರರ ವಯಸ್ಸು, ಗಾಯಗಳು. 2022ರ ಋತುವಿನಲ್ಲಿ ನಾಯಕ ಸುನಿಲ್ ಛೆಟ್ರಿ ಅವರಿಗೆ 38 ವರ್ಷ. ಸ್ವಭಾವವೆಂದರೆ ಆಟಗಾರನಲ್ಲಿ ಇರುವ ಸಾಮರ್ಥ್ಯ. ಇಲ್ಲದ ವೇಗವನ್ನು ಯಾವ ಗುರುವೂ ಕಾಲಿಗೆ ಕಟ್ಟಲಾರ. ಪೂರ್ವಕೃತವೆಂದರೆ ಹಿಂದಿನ ವರ್ಷಗಳಲ್ಲಿ ಆಡಳಿತದವರು ಮಾಡಿದ ಒಪ್ಪಂದಗಳು, ಕೊಂಡ ಮತ್ತು ಮಾರಿದ ಆಟಗಾರರು. ಹೊಸ ಕೋಚ್ ಬರುವಾಗಲೇ ಇವೆಲ್ಲ ಉದಯಕ್ಕೆ ಸಿದ್ಧವಾಗಿ ಕುಳಿತಿರುತ್ತವೆ. ಪುರುಷಪ್ರಯತ್ನದಲ್ಲಿ ಕೋಚಿನ ಪಾಲು ಇದೆ; ಹನ್ನೊಂದು ಆಟಗಾರರ ಪಾಲೂ ಇದೆ. 2023ರ ಜನವರಿಯ ನಂತರ ಛೆಟ್ರಿ ಅವರನ್ನು ಅನೇಕ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂರಿಸಿ, ಶಿವಶಕ್ತಿ ನಾರಾಯಣನ್ ಎಂಬ ತರುಣನಿಗೆ ಅವಕಾಶ ಕೊಟ್ಟದ್ದು ಕೋಚಿನ ಪ್ರಯತ್ನ. ಆ ತರುಣ ಗೋಲು ಹೊಡೆದದ್ದು ಅವನ ಪ್ರಯತ್ನ. ದೇಶದ ಅತ್ಯಂತ ಪ್ರಸಿದ್ಧ ಆಟಗಾರ ಮರುಮಾತಿಲ್ಲದೆ ಬೆಂಚಿನಲ್ಲಿ ಕುಳಿತು, ಕರೆದಾಗ ಎದ್ದು ಬಂದು, ಬ್ಲಾಸ್ಟರ್ಸ್ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ಮೂರನೆಯ ಪ್ರಯತ್ನ. ಮಾನಕಷಾಯವನ್ನು ಗೆಲ್ಲುವುದು ಗೋಲು ಹೊಡೆಯುವುದಕ್ಕಿಂತ ಕಠಿಣವೆಂದು ಬಲ್ಲವರು ಈ ಮೂರನೆಯದನ್ನೇ ಹೆಚ್ಚಾಗಿ ಮೆಚ್ಚಬೇಕು.

ನಿಯತಿಯ ಮಾತಿಗೆ ಬಂದರೆ, 2024ರ ಜೂನ್ 11ರ ಕತಾರ್ ಪಂದ್ಯವನ್ನು ನೆನೆಯಬಹುದು. ವಿಶ್ವಕಪ್ ಅರ್ಹತಾ ಸುತ್ತಿನ ಆ ಆಟದಲ್ಲಿ ಭಾರತ 1–0ರಿಂದ ಮುಂದಿತ್ತು. ಗೆರೆ ದಾಟಿ ಹೊರಗೆ ಹೋದಂತೆ ಎಲ್ಲರಿಗೂ ಕಂಡ ಚೆಂಡನ್ನು ಒಳಗೆಳೆದು ಕತಾರ್ ಗೋಲು ಹೊಡೆಯಿತು. ಭಾರತದ ಆಟಗಾರರ ಪ್ರತಿಭಟನೆ ಫಲಿಸಲಿಲ್ಲ. ಪಂದ್ಯ 2–1ರಿಂದ ಸೋತಿತು, ಮುಂದಿನ ಸುತ್ತಿನ ದಾರಿ ಮುಚ್ಚಿತು. ಒಂದು ವಾರ ಕಳೆಯುವುದರೊಳಗೆ ಮುಖ್ಯ ಕೋಚ್ ಇಗೋರ್ ಸ್ಟಿಮಾಚ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ಅವರ ಐದು ವರ್ಷಗಳ ಕೆಲಸದಲ್ಲಿ ದೋಷಗಳು ಬೇಕಾದಷ್ಟಿದ್ದವು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೂ ಆ ರಾತ್ರಿ ರೆಫರಿಯ ದೃಷ್ಟಿ ಒಂದು ಗೇಣು ಆಚೆ ಬಿದ್ದಿದ್ದರೆ ಅದೇ ದೋಷಗಳು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲವೇನೋ. ಅವರ ನಂತರ ಮನೋಲೊ ಮಾರ್ಕೆಸ್ ಬಂದು ಒಂದು ವರ್ಷದಲ್ಲಿಯೇ ಹೊರಟರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಅಕ್ಟೋಬರ್‌ನಲ್ಲಿ ಮಡಗಾಂವಿನಲ್ಲಿ ಸಿಂಗಪುರದೆದುರು 2–1ರಿಂದ ಸೋತು, 2027ರ ಏಷ್ಯನ್ ಕಪ್ಪಿನ ಬಾಗಿಲೂ ಮುಚ್ಚಿತು. ಹದಿನೈದು ತಿಂಗಳೊಳಗೆ ಮೂವರು ಕೋಚುಗಳು. ಸೋಲು ಮಾತ್ರ ಒಂದೇ ಬಗೆಯದು. ನಿಮಿತ್ತವನ್ನು ಮೂರು ಸಲ ಬದಲಿಸಿದರೂ ಉಪಾದಾನ ಹಾಗೆಯೇ ಉಳಿದಿದ್ದರೆ ಕಾರ್ಯ ಬೇರೆಯಾಗುವುದೆಂತು? ಮಣ್ಣಿನಲ್ಲಿ ಗಡಿಗೆಯಾಗುವ ಯೋಗ್ಯತೆಯಿರಬೇಕು, ಆಮೇಲೆ ಕುಂಬಾರನ ಕೈ. ಶಾಸ್ತ್ರಗಳಲ್ಲಿ ಪದೇಪದೇ ಬರುವ ಈ ದೃಷ್ಟಾಂತ ಮಣ್ಣಗುಡ್ಡದವರಿಗೆ ಬೇಗ ಅರ್ಥವಾಗಬೇಕು.

ಲೌಕಿಕ ವಿದ್ವಾಂಸರೂ ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ ಅವರು 1986ರಿಂದ 2004ರವರೆಗಿನ ಡಚ್ ಫುಟ್‌ಬಾಲ್ ಪಂದ್ಯಗಳನ್ನು ಪರಿಶೀಲಿಸಿದರು. ಸೋಲಿನ ಸರಣಿಯ ನಂತರ ಕೋಚನ್ನು ತೆಗೆದ ತಂಡಗಳು ಚೇತರಿಸಿಕೊಂಡದ್ದು ನಿಜ. ಆದರೆ ಅಂಥದೇ ಸರಣಿಯಲ್ಲಿ ಸಿಲುಕಿಯೂ ಕೋಚನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು. ಅತಿಯಾಗಿ ಇಳಿದದ್ದು ತಾನಾಗಿಯೇ ಸ್ವಲ್ಪ ಏರುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಯಾರು ನಿಂತಿರುತ್ತಾರೋ ಅವರಿಗೆ ಹೂವಿನ ಹಾರ. ಜ್ವರ ಇಳಿಯುವ ದಿನ ಮದ್ದು ಕೊಟ್ಟವನೇ ವೈದ್ಯ ಎಂಬಂತೆ.

ಇಲ್ಲಿಯವರೆಗಿನದು ಬುದ್ಧಿಯ ಮಾತಾಯಿತು. ಅಭಿಮಾನಿಯ ಕಷ್ಟ ಬುದ್ಧಿಯಲ್ಲಿರುವುದು ಕಡಿಮೆ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು ಗುಣವ್ರತ. ತನಗೂ ತನ್ನವರಿಗೂ ಯಾವ ಪ್ರಯೋಜನವನ್ನೂ ತರದೆ ಬರಿದೆ ಪಾಪವನ್ನು ಕಟ್ಟಿಕೊಡುವ ಕ್ರಿಯೆಗಳಿಂದ ದೂರವಿರುವುದು ಅದರ ಅರ್ಥ. ಅಪಧ್ಯಾನ, ಪಾಪೋಪದೇಶ, ಪ್ರಮಾದಾಚರಿತ, ಹಿಂಸಾದಾನ, ಅಶುಭಶ್ರುತಿ ಎಂದು ಅದಕ್ಕೆ ಐದು ಭೇದ. ಕನ್ನಡ ನಾಡಿನವರೆಂದೇ ಪರಂಪರೆ ನೆನೆಯುವ ಪೂಜ್ಯಪಾದ ಆಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಅಪಧ್ಯಾನವನ್ನು ವಿವರಿಸುವಾಗ, ಪರರಿಗೆ ಗೆಲುವು ಹೇಗಾದೀತು, ಸೋಲು ಹೇಗಾದೀತು, ವಧೆ ಬಂಧನಗಳು ಹೇಗಾದಾವು, ಅವರ ಸ್ವತ್ತು ಹೇಗೆ ಹೋದೀತು ಎಂದು ಮನಸ್ಸಿನಲ್ಲಿ ಮೆಲುಕು ಹಾಕುವುದನ್ನೇ ಅಪಧ್ಯಾನವೆಂದಿದ್ದಾರೆ. ಆ ಪಟ್ಟಿ ಆರಂಭವಾಗುವುದೇ ಪರರ ಜಯಪರಾಜಯಗಳಿಂದ ಎಂಬುದನ್ನು ಗಮನಿಸಬೇಕು. ವಧೆ ಬಂಧನಗಳ ಸಾಲಿನಲ್ಲಿ ಜಯಪರಾಜಯಗಳ ಚಿಂತೆಯನ್ನು ಅವರೇಕೆ ಇಟ್ಟರು? ಕೈಯಿಂದ ಏನನ್ನೂ ಮಾಡಲಾಗದವನು ಮನಸ್ಸಿನಿಂದ ಮಾಡುವ ಹಿಂಸೆಗೆ ಕೊನೆಯಿಲ್ಲ ಎಂಬುದು ಅವರಿಗೆ ಗೊತ್ತಿದ್ದಿರಬೇಕು. ಕಂಠೀರವದಿಂದ ಮುನ್ನೂರೈವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಕುಳಿತವನು ಕೋಚನ್ನು ತೆಗೆಯಲೂ ಆರ, ಉಳಿಸಲೂ ಆರ. ಆದರೆ ರಾತ್ರಿ ಹನ್ನೆರಡರವರೆಗೆ ಮೊಬೈಲು ಹಿಡಿದು, ಆ ಮನುಷ್ಯನ ಕೆಲಸ ಹೋಗಲೆಂದು ಬಯಸಿ, ನಾಲ್ಕು ಕೊಳಕು ಶಬ್ದಗಳನ್ನು ಬರೆದು, ಅದಕ್ಕೆ ಹತ್ತು ಜನರ ಮೆಚ್ಚುಗೆ ಬಂತೆಂದು ಹಿಗ್ಗಬಲ್ಲ. ಕೋಚಿಗೆ ಅದು ತಲುಪಿತೋ ಇಲ್ಲವೋ, ಬರೆದವನಿಗೆ ಆಸ್ರವವಂತೂ ಆಗಿಹೋಯಿತು.

ಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲೆರಡು ಅಶುಭ. ಇಷ್ಟವಾದದ್ದು ಕೈತಪ್ಪಿತೆಂದು, ಅನಿಷ್ಟವಾದದ್ದು ಬಂದೊದಗಿತೆಂದು ಕೊರಗುವುದು ಆರ್ತಧ್ಯಾನ. ಪರರ ನೋವಿನಲ್ಲಿ ರಸ ಕಾಣುವುದು ರೌದ್ರಧ್ಯಾನ. ಸೋತ ರಾತ್ರಿ ಊಟ ಸೇರದಿರುವುದು ಆರ್ತ. ಕೋಚನ್ನು ತೆಗೆದ ಸುದ್ದಿ ಬಂದ ಮುಂಜಾನೆ ಸಂತೋಷದಿಂದ ಊಟ ಸೇರುವುದು ರೌದ್ರ. ಮೊದಲನೆಯದನ್ನು ಮನೆಯವರು ನೋಡಿ ಮರುಗುತ್ತಾರೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದ ಹೆಚ್ಚು ಅಪಾಯ. ಕನ್ನಡದಲ್ಲಿ ‘ಅಭಿಮಾನಿ’ ಎಂಬ ಪದ ಪ್ರೀತಿಯ ಅರ್ಥದಲ್ಲಿಯೇ ಬಳಕೆಯಲ್ಲಿದೆ, ಇರಲಿ. ಆದರೂ ಅದರ ಒಡಲಲ್ಲಿ ‘ಮಾನ’ ಅಡಗಿದೆ. ತಂಡ ಗೆದ್ದಾಗ ‘ನಾವು ಗೆದ್ದೆವು’ ಎನ್ನುವ ನಾಲಿಗೆ, ಸೋತಾಗ ‘ಅವನು ಸೋಲಿಸಿದ’ ಎನ್ನುತ್ತದೆ. ಈ ‘ನಾವು’ ಮತ್ತು ‘ಅವನು’ ನಡುವೆ ಕೆಲಸ ಮಾಡುತ್ತಿರುವುದು ಮಾನಕಷಾಯವೇ.

ಹಾಗಾದರೆ ಗೃಹಸ್ಥನು ಪ್ರಶ್ನಿಸಲೇಬಾರದೇ? ಟಿಕೆಟಿಗೆ ಹಣ ಕೊಟ್ಟು, ರಾತ್ರಿಯ ಬಸ್ಸು ಹಿಡಿದು, ಕಂಠೀರವದ ಮೆಟ್ಟಿಲಲ್ಲಿ ಕುಳಿತು ಗಂಟಲು ಹರಿದುಕೊಂಡವನು ಮುನಿಗಳಂತೆ ಮಧ್ಯಸ್ಥಭಾವ ತಾಳಬೇಕೆಂದರೆ ಅದು ಅತಿಯಾದೀತು. ಮಹಾವ್ರತ ಬೇರೆ, ಅಣುವ್ರತ ಬೇರೆ. ಕೋಚ್ ಎಂಬವನು ಸಂಬಳ ಪಡೆದು ಕೆಲಸ ಒಪ್ಪಿಕೊಂಡವನು. ಅವನ ಕೆಲಸವನ್ನು ತೂಗುವುದರಲ್ಲಿ ಅಧರ್ಮವಿಲ್ಲ. ಸೋಲಿಗೆಲ್ಲ ಉಪಾದಾನವೇ ಕಾರಣ, ಆಟಗಾರರ ಯೋಗ್ಯತೆಯೇ ಅಷ್ಟು ಎಂದು ಕೋಚೊಬ್ಬ ಕೈತೊಳೆದುಕೊಂಡರೆ ಅದೂ ಏಕಾಂತವೇ, ಮೇಲಾಗಿ ಮಾಯಾಕಷಾಯ. ಅಸಮರ್ಥನನ್ನು ಸಂಕೋಚದಿಂದ ವರ್ಷಗಟ್ಟಲೆ ಉಳಿಸಿಕೊಂಡರೆ ಇಪ್ಪತ್ತೈದು ತರುಣರ ಆಯುಷ್ಯದ ಅತ್ಯುತ್ತಮ ವರ್ಷಗಳು ಹಾಳಾಗುತ್ತವೆ. ಫುಟ್‌ಬಾಲ್ ಆಟಗಾರನ ಆಟದ ಆಯುಷ್ಯ ಹತ್ತು ಹದಿನೈದು ವರ್ಷ ಮಾತ್ರ. ಅದನ್ನು ಕಂಡೂ ಕಾಣದಂತೆ ಇರುವುದು ಕರುಣೆಯೆನಿಸದು. ಆದ್ದರಿಂದ ಪ್ರಶ್ನೆ ಕೇಳಲಿ. ಕೇಳುವಾಗ ತಿಳಿದದ್ದನ್ನು ತಿಳಿದಷ್ಟೇ ಹೇಳಲಿ. ಡ್ರೆಸ್ಸಿಂಗ್ ರೂಮಿನಲ್ಲಿ ಯಾರೋ ಯಾರಿಗೋ ಹೇಳಿದರಂತೆ ಎಂಬ ಗುಟ್ಟನ್ನು ಹರಡುವುದು ಸತ್ಯಾಣುವ್ರತದ ಅತಿಚಾರಗಳಲ್ಲೊಂದು, ರಹೋಭ್ಯಾಖ್ಯಾನವೆಂದು ಅದಕ್ಕೆ ಹೆಸರೇ ಇದೆ.

ಅಳತೆಯ ಕೋಲು ಯಾವಾಗ ಸಿದ್ಧವಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಋತುವಿನ ಆರಂಭದಲ್ಲಿಯೇ, ಮನಸ್ಸು ತಿಳಿಯಾಗಿರುವಾಗ, ಇಷ್ಟು ಕಾಲ ಕೊಡುತ್ತೇವೆ, ಈ ಈ ಅಂಶಗಳನ್ನು ನೋಡುತ್ತೇವೆ ಎಂದು ನಿಶ್ಚಯಿಸಿದ ಸಂಸ್ಥೆಗೆ ಕೋಚನ್ನು ಬದಲಿಸುವ ಹಕ್ಕು ಪೂರ್ತಿಯಾಗಿದೆ. ನಾಲ್ಕು ಗೋಲು ಬಿದ್ದ ರಾತ್ರಿ ಕೋಲನ್ನು ಕಡಿದು ತಂದು ಅಳೆಯುವುದು ಬೇರೆ. ಬೆಂಗಳೂರಿನ 2023ರ ನಿರ್ಣಯದ ಒಳಗಿನ ಸಂಗತಿಗಳು ಆಡಳಿತದವರಿಗೆ ಸೇರಿದವು. ಒಂಬತ್ತರಲ್ಲಿ ಒಂದು ಗೆಲುವು ಎಂಬುದು ಹಗುರವಾದ ಕಾರಣವೂ ಅಲ್ಲ. ಆದರೆ ಸೋಲಿನ ಮರುದಿನವೇ ಹೊರಬಿದ್ದ ನಿರ್ಣಯ ಹೊರಗಿನವರಿಗೆ ಕ್ರೋಧದ ಫಲದಂತೆ ಕಂಡರೆ ಅವರನ್ನು ದೂಷಿಸುವಂತಿಲ್ಲ. ಕ್ರೋಧವಿಲ್ಲದೆ ಕೈಗೊಂಡ ನಿರ್ಣಯಕ್ಕೂ ನಾಲ್ಕು ದಿನದ ಅಂತರವಿದ್ದರೆ ಶೋಭೆ. ಸಾಮಾಯಿಕಕ್ಕೆ ಹಿರಿಯರು ಒಂದು ಮುಹೂರ್ತವನ್ನು, ಎಂದರೆ 48 ನಿಮಿಷಗಳನ್ನು ನಿಗದಿಮಾಡಿದ್ದಾರೆ. ಅರ್ಧ ಆಟಕ್ಕಿಂತ ಮೂರು ನಿಮಿಷ ಹೆಚ್ಚು. ಸೋತ ಪಂದ್ಯದ ಕೊನೆಯ ಸೀಟಿ ಕೇಳಿದ ಮೇಲೆ ಅಷ್ಟು ಹೊತ್ತು ಫೋನನ್ನು ಮುಟ್ಟದೆ ಇದ್ದು ನೋಡಿದವನಿಗೆ, ಮುಂಚೆ ಬರೆಯಬೇಕೆಂದಿದ್ದ ಶಬ್ದಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕ್ರೋಧಕ್ಕೆ ಕೋಚುಗಳೂ ಹೊರತಲ್ಲ. 2023ರ ಮಾರ್ಚ್ 3ರ ಬೆಂಗಳೂರು–ಬ್ಲಾಸ್ಟರ್ಸ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಛೆಟ್ರಿ ಅವರು ತಡಮಾಡದೆ ಹೊಡೆದ ಫ್ರೀ ಕಿಕ್ ಗೋಲಾಯಿತು. ಎದುರಾಳಿಗಳು ಇನ್ನೂ ಗೋಡೆ ಕಟ್ಟುತ್ತಿದ್ದರು. ಅನ್ಯಾಯವಾಯಿತೆಂದು ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ಅವರಿಗೆ ಹತ್ತು ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ, ಸಂಸ್ಥೆಗೆ 4 ಕೋಟಿ ರೂಪಾಯಿ ದಂಡ, ಇಬ್ಬರೂ ಸಾರ್ವಜನಿಕವಾಗಿ ಕ್ಷಮೆ ಕೇಳಬೇಕೆಂಬ ಆದೇಶ. ವಿಶೇಷವೆಂದರೆ ಕೇರಳದ ಅಭಿಮಾನಿಗಳು ಇವರನ್ನು ‘ಆಶಾನ್’ ಎಂದೇ ಕರೆಯುತ್ತಿದ್ದರು. ಮಲಯಾಳದಲ್ಲಿ ಆ ಪದಕ್ಕೆ ಗುರು ಎಂಬ ಅರ್ಥ. ತಮ್ಮ ಪಾಲಿನ ಕೋಪವನ್ನು ಗುರುವೇ ಪ್ರಕಟಿಸಿದ್ದರಿಂದ ಅವರಿಗೆ ಮತ್ತಷ್ಟು ಪ್ರಿಯರಾದರು. ಕೋಪಗೊಂಡ ಕೋಚನ್ನು ಉಳಿಸಿ ಎಂದವರೂ, ಸೋತ ಕೋಚನ್ನು ಕಳುಹಿಸಿ ಎಂದವರೂ ತಮ್ಮ ರಾಗದ್ವೇಷಗಳನ್ನೇ ಅಳತೆಯಾಗಿಸಿಕೊಂಡವರು.

ಈ ನಾಡಿನ ಜೈನರಿಗೆ ಪಂದ್ಯವೆಂದರೆ ಮೊದಲು ನೆನಪಾಗುವುದು ಭರತ ಬಾಹುಬಲಿಗಳದು. ಎರಡು ಸೈನ್ಯಗಳು ಸಾಯುವುದನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ ಉಪಾಯ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಯುದ್ಧವನ್ನು ಆಟವಾಗಿಸಿದ್ದು ಅಹಿಂಸೆಯ ಒಂದು ದೊಡ್ಡ ಶೋಧ. ಆಟವನ್ನು ಮತ್ತೆ ಯುದ್ಧವಾಗಿಸಿದ್ದು ಸೋತ ಭರತನ ಕ್ರೋಧ. ನಿಯಮ ಮುರಿದು ಅವನು ಚಕ್ರವನ್ನೆಸೆದ. ಅದು ಸ್ವಂತ ಕುಲದವನನ್ನು ಕೊಲ್ಲದೆ ಪ್ರದಕ್ಷಿಣೆ ಮಾಡಿ ನಿಂತಿತು. ಇಂದಿನ ಅಭಿಮಾನಿ ಎಸೆಯುವ ಚಕ್ರಕ್ಕೆ ಆ ವಿವೇಕವಿಲ್ಲ. ಅದು ಮೊದಲು ಹೊಡೆಯುವುದೇ ಸ್ವಂತ ತಂಡದ ಕೋಚನ್ನು.

ನಾಯಕನ ಬದಲಾವಣೆಯನ್ನು ಜೈನ ಸಂಘ ಯಾವತ್ತೂ ಅಶುಭವೆಂದು ತಿಳಿದಿಲ್ಲ. ಸಲ್ಲೇಖನೆಯ ಕಾಲ ಸಮೀಪಿಸಿದಾಗ ಆಚಾರ್ಯರು ಗಣದ ಹೊಣೆಯನ್ನು ಯೋಗ್ಯ ಶಿಷ್ಯನಿಗೆ ಒಪ್ಪಿಸಿ, ಎಲ್ಲರಲ್ಲಿಯೂ ಕ್ಷಮೆ ಬೇಡಿ, ಬೇರೊಂದು ಗಣಕ್ಕೆ ಹೋಗುವ ಕ್ರಮವನ್ನು ‘ಭಗವತೀ ಆರಾಧನೆ’ ವಿಸ್ತಾರವಾಗಿ ಹೇಳುತ್ತದೆ. ಸ್ವಗಣದಲ್ಲಿಯೇ ಉಳಿದರೆ ಆಜ್ಞೆ ಮೀರಿದವರ ಮೇಲೆ ಕೋಪ, ಕಟುನುಡಿ, ಕಲಹ, ಬಹುಕಾಲ ಸಾಕಿದ ಶಿಷ್ಯರ ಮೇಲಿನ ಸ್ನೇಹ ಇವೆಲ್ಲ ಸಮಾಧಿಗೆ ಅಡ್ಡಬರುತ್ತವೆ ಎಂಬುದು ಕಾರಣ. ನಮ್ಮ ಕಾಲದಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಮುನಿ ವಿದ್ಯಾಸಾಗರರಿಗೆ ಅವರ ಗುರು ಆಚಾರ್ಯ ಜ್ಞಾನಸಾಗರರು 1972ರಲ್ಲಿ ರಾಜಸ್ಥಾನದ ನಸೀರಾಬಾದಿನಲ್ಲಿ ಆಚಾರ್ಯಪದವನ್ನು ಒಪ್ಪಿಸಿದರು. ಶಿಷ್ಯನಿಗೆ ಆಗ ಇಪ್ಪತ್ತಾರು ವರ್ಷ. ಗುರು ತಮ್ಮ ಪೀಠದಿಂದಿಳಿದು, ಶಿಷ್ಯನನ್ನು ಅಲ್ಲಿ ಕೂರಿಸಿ, ತಾವು ಕೆಳಗೆ ಕುಳಿತು, ತನ್ನ ಸಮಾಧಿಗೆ ನೆರವಾಗಬೇಕೆಂದು ಅದೇ ಶಿಷ್ಯನಲ್ಲಿ ಪ್ರಾರ್ಥಿಸಿದರು. ಮುಂದಿನ ವರ್ಷ ಸಮಾಧಿಮರಣ ಹೊಂದಿದರು. ವಿದ್ಯಾಸಾಗರರೂ 2024ರ ಫೆಬ್ರುವರಿಯಲ್ಲಿ ಡೊಂಗರಗಢದ ಚಂದ್ರಗಿರಿಯಲ್ಲಿ ದೇಹ ತ್ಯಜಿಸುವ ಮುನ್ನ ಆಚಾರ್ಯಪದವನ್ನು ತ್ಯಜಿಸಿ, ಸಮಯಸಾಗರರಿಗೆ ಅದು ಸಲ್ಲುವಂತೆ ಮಾಡಿದರು.

ಮುನಿಸಂಘವೆಲ್ಲಿ, ಫುಟ್‌ಬಾಲ್ ಸಂಸ್ಥೆಯೆಲ್ಲಿ ಎನ್ನಬಹುದು. ದೂರ ಬಹಳವಿದೆ, ನಿಜ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂಬ ಬೇರೆಯೇ ಆಟವಿದೆ, ಕೈಯಲ್ಲಿ ಚೆಂಡು ಹಿಡಿದು ಓಡುವುದು. ಅಲ್ಲಿನ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯವು 2023ರ ನವೆಂಬರ್‌ನಲ್ಲಿ ಮುಖ್ಯ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ ಒಪ್ಪಂದದಂತೆ ಕೊಡಬೇಕಾಗಿ ಬಂದ ಹಣ 7.5 ಕೋಟಿ ಡಾಲರಿಗೂ ಹೆಚ್ಚು. ಕಲಿಸುವ ಸಂಸ್ಥೆಯೊಂದು ಒಬ್ಬನಿಗೆ ಕಲಿಸಬೇಡವೆಂದು ಹೇಳಲು ತೆತ್ತ ಬೆಲೆ ಅದು! ಪರಿಗ್ರಹ ಎಲ್ಲಿಯವರೆಗೆ ಒಯ್ಯಬಲ್ಲದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಾಗದು. ಇತ್ತ ನಮ್ಮವರೇ ಆದ ರಾಹುಲ್ ದ್ರಾವಿಡ್ ಅವರು 2018ರಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಕೋಚಾಗಿದ್ದಾಗ, ಕ್ರಿಕೆಟ್ ಮಂಡಳಿ ಅವರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ಘೋಷಿಸಿತು. ಎಲ್ಲರಿಗೂ ಸಮನಾಗಿರಲಿ ಎಂದು ದ್ರಾವಿಡ್ ಕೇಳಿಕೊಂಡದ್ದರಿಂದ ಎಲ್ಲರಿಗೂ 25 ಲಕ್ಷವಾಯಿತು. ಗೆಲುವಿನಲ್ಲಿ ತಾನೊಬ್ಬನೇ ಕಾರಣನಲ್ಲವೆಂದು ಅರಿತವನನ್ನು ಸೋಲಿನಲ್ಲಿ ಒಬ್ಬನನ್ನೇ ಕಾರಣನೆಂದು ನಿಲ್ಲಿಸುವುದು ಎಷ್ಟು ಸರಿ? ಐದು ವರ್ಷಗಳ ನಂತರ, 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಭಾರತ ಸೋತ ರಾತ್ರಿ ಅವರ ವಿಷಯದಲ್ಲಿಯೂ ಅದೇ ಪ್ರಶ್ನೆ ಎದ್ದಿತು. ಮಂಡಳಿ ಅವರನ್ನು ಮುಂದುವರಿಸಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ತಂಡ ಟಿ20 ವಿಶ್ವಕಪ್ ಗೆದ್ದಿತು.

ಮಂಗಳೂರಿನ ಕಾಲೇಜುಗಳಲ್ಲಿ ಕೋಚ್ ಎಂದರೆ ಬಹುಮಟ್ಟಿಗೆ ದೈಹಿಕ ಶಿಕ್ಷಣ ನಿರ್ದೇಶಕರೇ. ನೆಹರೂ ಮೈದಾನದ ಕೆಸರಿನಲ್ಲಿ ಹುಡುಗರೊಡನೆ ತಾವೂ ನೆನೆಯುವ ಇವರಿಗೆ ಕೋಟಿಗಳ ಒಪ್ಪಂದವಿಲ್ಲ. ಸೋತರೆ ಯಾರೂ ಹಣ ತೆತ್ತು ಕಳುಹಿಸುವುದಿಲ್ಲ. ಆದರೆ ಈಗೀಗ ಕಾಲೇಜು ತಂಡ ಸೋತಾಗಲೂ ದೊಡ್ಡ ಲೀಗುಗಳ ಭಾಷೆಯೇ ವಿದ್ಯಾರ್ಥಿಗಳ ಫೋನುಗಳಲ್ಲಿ ಕಾಣತೊಡಗಿದೆ. ಬೆಂಗಳೂರಿನ ಕೋಚಿಗೆ ಬರೆದದ್ದು ಅವರನ್ನು ತಲುಪದೆ ಹೋಗಬಹುದು. ಎದುರಿನ ರಸ್ತೆಯಲ್ಲಿ ಸಿಗುವ ಮೇಷ್ಟ್ರಿಗೆ ಬರೆದದ್ದು ಅದೇ ಸಂಜೆ ತಲುಪುತ್ತದೆ, ಅವರ ಮನೆಯವರೂ ಓದುತ್ತಾರೆ. ಆಟದ ಲೋಪವನ್ನು ಅವರ ಮುಂದೆಯೇ ನಿಂತು, ‘ಸರ್, ಎಡಬದಿಯಲ್ಲಿ ನಾವು ಯಾವಾಗಲೂ ಸೋಲುತ್ತಿದ್ದೇವೆ, ಏಕೆ?’ ಎಂದು ಕೇಳುವ ಅವಕಾಶ ಕಾಲೇಜಿನ ಹುಡುಗನಿಗಿದೆ. ಇಂಡಿಯನ್ ಸೂಪರ್ ಲೀಗಿನ ಅಭಿಮಾನಿಗೆ ಈ ಭಾಗ್ಯವಿಲ್ಲ.

ಬೆಂಗಳೂರಿಗೆ ಅದರ ಏಕೈಕ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನು 2019ರ ಮಾರ್ಚ್ 17ರಂದು ತಂದುಕೊಟ್ಟ ಕೋಚ್ ಕಾರ್ಲೆಸ್ ಕ್ವಾಡ್ರಾಟ್. ಸತತ ಮೂರು ಸೋಲುಗಳಾದವು, 2021ರ ಜನವರಿಯಲ್ಲಿ ಅವರನ್ನು ಕಳುಹಿಸಲಾಯಿತು. ಮುಂದೆ ಅವರು ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, 2024ರ ಜನವರಿಯಲ್ಲಿ ಆ ಹಳೆಯ ಸಂಸ್ಥೆಗೆ ಕಳಿಂಗ ಸೂಪರ್ ಕಪ್ ಗೆದ್ದುಕೊಟ್ಟರು. ಹನ್ನೆರಡು ವರ್ಷ ರಾಷ್ಟ್ರಮಟ್ಟದ ಕಪ್ ಕಾಣದಿದ್ದ ಅಲ್ಲಿನ ಜನ ಅವರನ್ನು ಹೊತ್ತು ಮೆರೆದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಲೀಗ್ ಆರಂಭವಾಯಿತು. ಮೊದಲ ಪಂದ್ಯ ಕಂಠೀರವದಲ್ಲಿ, ಬೆಂಗಳೂರಿನ ವಿರುದ್ಧವೇ, 1–0ರಿಂದ ಸೋತರು. ಕೊಚ್ಚಿಯಲ್ಲಿ ಸೋತರು. ಗೋವಾ ತಂಡಕ್ಕೆ ಸೋತರು. ಮತ್ತೆ ಮೂರು ಸೋಲುಗಳು. ತಿಂಗಳು ಮುಗಿಯುವ ದಿನ ಕ್ವಾಡ್ರಾಟ್ ತಾವೇ ರಾಜೀನಾಮೆ ಕೊಟ್ಟರು.